ಬಾನುಲಿಯ ಮಾತು ಮತ್ತು ಅದರ ಮಿತಿ: ಹೊವಾರ್ಡ್ ಸ್ಟರ್ನ್ ಪ್ರಕರಣದ ಒಂದು ವಿವೇಚನೆ

1

ವಾಕ್‌ಸ್ವಾತಂತ್ರ್ಯವನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಮುದ್ರಿತ ಪಠ್ಯದ ಸುತ್ತಲೇ ನಡೆಯುತ್ತವೆ. ನಿಷೇಧಕ್ಕೊಳಗಾದ ಗ್ರಂಥ, ಮುಟ್ಟುಗೋಲಾದ ಪತ್ರಿಕೆ, ತಡೆಹಿಡಿಯಲ್ಪಟ್ಟ ನಾಟಕ ಇವು ನಮಗೆ ಪರಿಚಿತವಾದ ನಿದರ್ಶನಗಳು. ಆಡಿದೊಡನೆ ಗಾಳಿಯಲ್ಲಿ ಕರಗಿಹೋಗುವ ಬಾನುಲಿಯ ಮಾತಿಗೆ ಈ ಚರ್ಚೆಯಲ್ಲಿ ಸಿಕ್ಕಿರುವ ಸ್ಥಾನ ಅಲ್ಪ. ಅಮೆರಿಕದಲ್ಲಿ 1980ರ ದಶಕದಿಂದ ಸುಮಾರು ಇಪ್ಪತ್ತು ವರ್ಷಗಳ ಕಾಲ ಈ ಪ್ರಶ್ನೆಯನ್ನು ಜೀವಂತವಾಗಿಟ್ಟುದು ಹೊವಾರ್ಡ್ ಸ್ಟರ್ನ್ ಎಂಬ ನಿರೂಪಕರ ಕಾರ್ಯಕ್ರಮ. ಅವರು ಆಡಿದ ಮಾತುಗಳ ಸಾಹಿತ್ಯಿಕ ಮೌಲ್ಯವನ್ನು ಅಳೆಯುವುದು ಈ ಲೇಖನದ ಉದ್ದೇಶವಲ್ಲ. ಅವರ ಮೇಲೆ ಬಿದ್ದ ನಿರ್ಬಂಧವು ಮಾತಿಗಿಂತ ಹೆಚ್ಚಾಗಿ ಆ ಮಾತು ಸಂಚರಿಸಿದ ಮಾರ್ಗಕ್ಕೆ ಸಂಬಂಧಿಸಿತ್ತೆಂಬುದನ್ನು ತೋರಿಸುವುದಷ್ಟೇ ಇಲ್ಲಿನ ಪ್ರಯತ್ನ.

2

ಮೊದಲು ಕಾನೂನಿನ ಹಿನ್ನೆಲೆಯನ್ನು ಗಮನಿಸಬೇಕು. 1791ರಲ್ಲಿ ಅಂಗೀಕೃತವಾದ ಮೊದಲನೆಯ ತಿದ್ದುಪಡಿಯ ಪ್ರಕಾರ ಅಮೆರಿಕದ ಶಾಸನಸಭೆ ವಾಕ್‌ಸ್ವಾತಂತ್ರ್ಯವನ್ನು ಮೊಟಕುಗೊಳಿಸುವಂತಿಲ್ಲ. 1934ರ ಸಂಪರ್ಕ ಕಾಯಿದೆಯೂ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಎಂಬ ಆಯೋಗಕ್ಕೆ ಪ್ರಸಾರವನ್ನು ಮುಂಚಿತವಾಗಿ ಪರಿಶೀಲಿಸಿ ತಡೆಯುವ ಅಧಿಕಾರವನ್ನು ಕೊಡಲಿಲ್ಲ. ಆದರೆ ಬಾನುಲಿಯಲ್ಲಿ ಅಶ್ಲೀಲ, ಅಸಭ್ಯ ಮಾತುಗಳನ್ನಾಡುವುದು ಬೇರೊಂದು ವಿಧಿಯ ಮೇರೆಗೆ ಅಪರಾಧ. ಇಲ್ಲಿ ಅಶ್ಲೀಲ, ಅಸಭ್ಯ ಎಂಬ ಎರಡು ಪದಗಳ ನಡುವಣ ಅಂತರ ಮುಖ್ಯವಾದುದು. ಅಶ್ಲೀಲಕ್ಕೆ ಯಾವ ಮಾಧ್ಯಮದಲ್ಲಿಯೂ ಸಂವಿಧಾನದ ರಕ್ಷಣೆಯಿಲ್ಲ. ಅಸಭ್ಯಕ್ಕೆ ಗ್ರಂಥದಲ್ಲಿ, ರಂಗಭೂಮಿಯಲ್ಲಿ ರಕ್ಷಣೆಯುಂಟು, ಬಾನುಲಿಯಲ್ಲಿ ಮಾತ್ರ ಅದು ಸೀಮಿತ.

ಈ ಭೇದಕ್ಕೆ ಆಧಾರವಾದುದು 1978ರ ಪೆಸಿಫಿಕಾ ತೀರ್ಪು. ವಿನೋದಕಾರ ಜಾರ್ಜ್ ಕಾರ್ಲಿನ್ ಅವರ ಏಕಭಾಷಣವೊಂದನ್ನು ನ್ಯೂಯಾರ್ಕಿನ ಒಂದು ಕೇಂದ್ರವು 1973ರ ಅಕ್ಟೋಬರ್ 30ರಂದು ಮಧ್ಯಾಹ್ನ ಪ್ರಸಾರ ಮಾಡಿತು. ಬಾನುಲಿಯಲ್ಲಿ ಆಡಬಾರದ ಏಳು ಪದಗಳೇ ಅದರ ವಸ್ತು. ಮಗನೊಡನೆ ಕಾರಿನಲ್ಲಿ ಹೋಗುತ್ತ ಅದನ್ನು ಕೇಳಿದ ತಂದೆಯೊಬ್ಬರು ದೂರು ಕೊಟ್ಟರು. ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕರ ಬಹುಮತದಿಂದ ಆಯೋಗದ ಪರವಾಗಿ ತೀರ್ಪಿತ್ತಿತು. ಪ್ರಸಾರವು ಕರೆಯದೆ ಮನೆಯೊಳಗೆ ಬರುತ್ತದೆ, ಓದಲು ಬಾರದ ಮಗುವಿನ ಕಿವಿಗೂ ತಲುಪುತ್ತದೆ ಎಂಬುದು ಆ ತೀರ್ಪಿನ ಸಾರ. ಮಕ್ಕಳು ಕೇಳುವ ಸಂಭವ ಕಡಿಮೆಯಾದ ರಾತ್ರಿ 10ರಿಂದ ಬೆಳಗಿನ 6ರವರೆಗಿನ ಅವಧಿಯನ್ನು ಅಸಭ್ಯದ ನಿಯಮದಿಂದ ಹೊರಗಿಡುವ ವ್ಯವಸ್ಥೆ 1990ರ ದಶಕದಲ್ಲಿ ನೆಲೆಗೊಂಡಿತು. ಸ್ಟರ್ನ್ ಖ್ಯಾತರಾದುದು ಬೆಳಗಿನ ಕಾರ್ಯಕ್ರಮದಿಂದ ಎಂಬುದನ್ನು ನೆನಪಿಟ್ಟರೆ ಮುಂದಿನ ಸಂಘರ್ಷದ ಕಾರಣ ತಾನಾಗಿಯೇ ತಿಳಿಯುತ್ತದೆ.

3

1954ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಸ್ಟರ್ನ್ ಹಾರ್ಟ್‌ಫರ್ಡ್, ಡೆಟ್ರಾಯಿಟ್, ವಾಷಿಂಗ್ಟನ್ ನಗರಗಳ ಕೇಂದ್ರಗಳಲ್ಲಿ ದುಡಿದು 1982ರಲ್ಲಿ ನ್ಯೂಯಾರ್ಕಿನ ಡಬ್ಲ್ಯುಎನ್‌ಬಿಸಿ ಕೇಂದ್ರವನ್ನು ಸೇರಿದರು. ಹಾಡುಗಳ ನಡುವೆ ನಾಲ್ಕು ನಯವಾದ ಮಾತುಗಳನ್ನಾಡುವುದು ಅಂದಿನ ನಿರೂಪಕರ ರೂಢಿ. ಸ್ಟರ್ನ್ ಹಾಡನ್ನು ಬದಿಗೊತ್ತಿ ಮಾತನ್ನೇ ಕಾರ್ಯಕ್ರಮವಾಗಿಸಿದರು. ತಮ್ಮ ದಾಂಪತ್ಯ, ದೇಹ, ಅಳುಕುಗಳನ್ನಷ್ಟೇ ಅಲ್ಲದೆ ತಮ್ಮ ಮೇಲಧಿಕಾರಿಗಳೊಡನೆ ನಡೆದ ಜಗಳಗಳನ್ನೂ ಅವರು ಶ್ರೋತೃಗಳ ಮುಂದೆ ಹರಡಿದರು. 1985ರ ಸೆಪ್ಟೆಂಬರಿನಲ್ಲಿ ಆ ಕೇಂದ್ರವು ಅವರನ್ನು ಕೆಲಸದಿಂದ ತೆಗೆಯಿತು. ಕೆಲವೇ ವಾರಗಳಲ್ಲಿ ಅದೇ ನಗರದ ಡಬ್ಲ್ಯುಎಕ್ಸ್‌ಆರ್‌ಕೆ ಕೇಂದ್ರವು ಅವರನ್ನು ಬರಮಾಡಿಕೊಂಡಿತು. 1986ರಲ್ಲಿ ಫಿಲಡೆಲ್ಫಿಯ, 1991ರಲ್ಲಿ ಲಾಸ್ ಏಂಜಲೀಸ್ ಹೀಗೆ ಒಂದೇ ಕಾರ್ಯಕ್ರಮವು ಅನೇಕ ನಗರಗಳಿಗೆ ಹಬ್ಬಿತು. ನಿಷೇಧದ ಅಂಚಿನಲ್ಲಿ ನಡೆಯುವುದೇ ಈ ಕಾರ್ಯಕ್ರಮದ ಆಕರ್ಷಣೆಯಾಯಿತು. ದಂಡದ ಪ್ರತಿಯೊಂದು ಸುದ್ದಿಯೂ ಮರುದಿನದ ಕಾರ್ಯಕ್ರಮಕ್ಕೆ ವಸ್ತುವಾಗುತ್ತಿತ್ತು.

1987ರವರೆಗೆ ಆಯೋಗವು ಕಾರ್ಲಿನ್ ಅವರ ಏಳು ಪದಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡಿತ್ತು. ಸ್ಟರ್ನ್ ಆ ಪದಗಳನ್ನು ಆಡದೆ, ಸೂಚನೆ ಮತ್ತು ಶ್ಲೇಷೆಗಳಿಂದ ಅದೇ ಅರ್ಥವನ್ನು ಹೊಮ್ಮಿಸುತ್ತಿದ್ದರು. ಆ ವರ್ಷದ ಏಪ್ರಿಲ್‌ನಲ್ಲಿ ಆಯೋಗವು ಪದಪಟ್ಟಿಯನ್ನು ಕೈಬಿಟ್ಟು, ಲೈಂಗಿಕ ಅಥವಾ ವಿಸರ್ಜನ ಕ್ರಿಯೆಗಳ ವರ್ಣನೆಯು ಸಂದರ್ಭದಲ್ಲಿ ಆಕ್ಷೇಪಾರ್ಹವಾಗಿದೆಯೇ ಎಂದು ನೋಡಲು ತೊಡಗಿತು. ಫಿಲಡೆಲ್ಫಿಯದ ಸ್ಟರ್ನ್ ಪ್ರಸಾರವು ಈ ಹೊಸ ಕ್ರಮದ ಮೊದಲ ಪ್ರಕರಣಗಳಲ್ಲೊಂದು. 1992ರಲ್ಲಿ ಅವರ ಕಾರ್ಯಕ್ರಮದ ಒಡೆತನ ಹೊಂದಿದ್ದ ಇನ್ಫಿನಿಟಿ ಸಂಸ್ಥೆಗೆ 6 ಲಕ್ಷ ಡಾಲರುಗಳ ದಂಡ ವಿಧಿಸಲಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ದಂಡವು ಮಾತನಾಡಿದವರಿಗೆ ಬೀಳಲಿಲ್ಲ, ಪರವಾನಗಿ ಪಡೆದವರಿಗೆ ಬಿದ್ದಿತು. ಇನ್ಫಿನಿಟಿಗೆ ಹೊಸ ಕೇಂದ್ರಗಳನ್ನು ಕೊಳ್ಳಲು ಇದೇ ಆಯೋಗದ ಒಪ್ಪಿಗೆ ಬೇಕಾಗಿತ್ತು. 1995ರಲ್ಲಿ ಸಂಸ್ಥೆಯು ತಪ್ಪನ್ನು ಒಪ್ಪಿಕೊಳ್ಳದೆಯೇ ಸುಮಾರು 17 ಲಕ್ಷ ಡಾಲರುಗಳನ್ನು ಸರ್ಕಾರದ ಬೊಕ್ಕಸಕ್ಕೆ ಕಟ್ಟಿ ರಾಜಿ ಮಾಡಿಕೊಂಡಿತು. ಇದರಿಂದಾಗಿ ಸ್ಟರ್ನ್ ಅವರ ಮಾತು ಸಂವಿಧಾನದ ರಕ್ಷಣೆಗೆ ಅರ್ಹವೇ ಎಂಬ ಮೂಲಪ್ರಶ್ನೆಗೆ ನ್ಯಾಯಾಲಯದ ಉತ್ತರ ಬರಲೇ ಇಲ್ಲ. ವಾಕ್‌ಸ್ವಾತಂತ್ರ್ಯದ ಗಡಿಯನ್ನು ವ್ಯಾಪಾರದ ಲೆಕ್ಕಾಚಾರವು ತೀರ್ಮಾನಿಸಿತು.

4

ಈ ಕಾನೂನಿನ ಜರಡಿಯಲ್ಲಿ ಸಿಕ್ಕದೆ ಹೋದುದೇನೆಂಬುದನ್ನೂ ಕೇಳಬೇಕು. 1995ರಲ್ಲಿ ಟೆಕ್ಸಾಸಿನ ಜನಪ್ರಿಯ ಗಾಯಕಿ ಸೆಲೀನಾ ಕೊಲೆಗೀಡಾದಾಗ ಸ್ಟರ್ನ್ ಆಕೆಯ ಸಂಗೀತವನ್ನೂ ಆಕೆಗಾಗಿ ದುಃಖಿಸುತ್ತಿದ್ದ ಮೆಕ್ಸಿಕನ್ ಮೂಲದ ಜನರನ್ನೂ ಹಾಸ್ಯ ಮಾಡಿದರು. ಪ್ರತಿಭಟನೆಗಳು ನಡೆದವು, ಟೆಕ್ಸಾಸಿನ ಸ್ಥಳೀಯ ನ್ಯಾಯಾಧಿಕಾರಿಯೊಬ್ಬರು ಬಂಧನದ ವಾರಂಟನ್ನೂ ಹೊರಡಿಸಿದರು. ಸ್ಟರ್ನ್ ಸ್ಪ್ಯಾನಿಷ್ ಭಾಷೆಯಲ್ಲಿ ವಿಷಾದ ಸೂಚಿಸಿದರು. ಆದರೆ ಅಸಭ್ಯದ ವ್ಯಾಖ್ಯೆಯೊಳಗೆ ಇಂಥ ಮಾತು ಬರುವುದಿಲ್ಲ. ದೇಹವನ್ನು ಕುರಿತ ಮಾತಿಗೆ ದಂಡವಿದ್ದು, ಶೋಕದಲ್ಲಿರುವ ಸಮುದಾಯವನ್ನು ಹೀಯಾಳಿಸುವ ಮಾತಿಗೆ ಆ ನಿಯಮದಲ್ಲಿ ಹೆಸರೇ ಇರಲಿಲ್ಲ. ಎರಡನೆಯದನ್ನೂ ದಂಡಿಸಬೇಕಿತ್ತೆಂದು ನಾನು ವಾದಿಸುತ್ತಿಲ್ಲ. ಕಾನೂನು ಅಳೆದುದು ಲಜ್ಜೆಯನ್ನೇ ಹೊರತು ನೋವನ್ನಲ್ಲ ಎಂಬುದಷ್ಟೇ ನನ್ನ ಮಾತಿನ ತಾತ್ಪರ್ಯ.

5

2004ರಲ್ಲಿ ಪರಿಸ್ಥಿತಿ ಬಿಗಿಯಾಯಿತು. ಆ ವರ್ಷದ ಫುಟ್‌ಬಾಲ್ ಅಂತಿಮ ಪಂದ್ಯದ ದೂರದರ್ಶನ ಪ್ರಸಾರದಲ್ಲಿ ನಡೆದ ಘಟನೆಯೊಂದು ಸಾರ್ವಜನಿಕ ಆಕ್ರೋಶಕ್ಕೆ ಕಾರಣವಾಗಿತ್ತು. ಸ್ಟರ್ನ್ ಕಾರ್ಯಕ್ರಮಕ್ಕಾಗಿ ಕ್ಲಿಯರ್ ಚಾನೆಲ್ ಸಂಸ್ಥೆಗೆ 4,95,000 ಡಾಲರುಗಳ ದಂಡ ಬಿದ್ದಿತು. ಅದು ತನ್ನ ಆರು ಕೇಂದ್ರಗಳಿಂದ ಕಾರ್ಯಕ್ರಮವನ್ನು ಕಿತ್ತುಹಾಕಿತು. ಅದೇ ಅಕ್ಟೋಬರ್‌ನಲ್ಲಿ ಸ್ಟರ್ನ್ ಚಂದಾ ಪಡೆಯುವ ಸಿರಿಯಸ್ ಉಪಗ್ರಹ ಬಾನುಲಿಯನ್ನು ಸೇರುವುದಾಗಿ ಘೋಷಿಸಿದರು. ಐದು ವರ್ಷಗಳ ಆ ಒಪ್ಪಂದದ ಮೊತ್ತ 50 ಕೋಟಿ ಡಾಲರುಗಳೆಂದು ಪ್ರಕಟವಾಯಿತು. 2006ರ ಜನವರಿ 9ರಂದು ಹೊಸ ಪ್ರಸಾರ ಆರಂಭವಾಯಿತು. ಹಣ ತೆತ್ತು ಬರಮಾಡಿಕೊಂಡ ಮಾತು ಕರೆಯದೆ ಬಂದ ಮಾತಲ್ಲ. ಆದಕಾರಣ ಅಸಭ್ಯದ ನಿಯಮ ಅಲ್ಲಿಗೆ ಅನ್ವಯಿಸಲಿಲ್ಲ. ಅದೇ ವ್ಯಕ್ತಿ, ಅದೇ ಮಾತು, ಮಾರ್ಗ ಮಾತ್ರ ಬೇರೆ. ಅದೇ ವರ್ಷ ಅಮೆರಿಕದ ಶಾಸನಸಭೆ ಸಾಮಾನ್ಯ ಪ್ರಸಾರಕ್ಕೆ ವಿಧಿಸಬಹುದಾದ ದಂಡದ ಮಿತಿಯನ್ನು 32,500 ಡಾಲರುಗಳಿಂದ 3,25,000 ಡಾಲರುಗಳಿಗೆ ಏರಿಸಿತು.

ಆದರೆ ಈ ಬಿಡುಗಡೆಗೂ ಬೆಲೆಯಿತ್ತು. ಚಂದಾ ಕೊಡಲಾಗದ ಅಥವಾ ಒಲ್ಲದ ಹಳೆಯ ಶ್ರೋತೃಗಳು ಹಿಂದೆ ಉಳಿದರು. ಮಿತಿಯನ್ನು ಕೆಣಕುವುದರಿಂದಲೇ ಬೆಳೆದ ಮಾತಿಗೆ ಮಿತಿಯಿಲ್ಲದ ಕಡೆ ಮೊದಲಿನ ಕಾವು ಉಳಿಯುವುದು ಕಷ್ಟ. ಮುಂದಿನ ವರ್ಷಗಳಲ್ಲಿ ಸ್ಟರ್ನ್ ದೀರ್ಘ ಸಂದರ್ಶನಗಳಿಗಾಗಿ ಹೆಸರಾದರು.

6

ನಮ್ಮ ಕಾವ್ಯಮೀಮಾಂಸೆಗೆ ಈ ವಿಚಾರ ಅಪರಿಚಿತವಲ್ಲ. ಮಮ್ಮಟನು ಅಶ್ಲೀಲ ದೋಷವನ್ನು ವ್ರೀಡಾ, ಜುಗುಪ್ಸಾ, ಅಮಂಗಲ ಎಂದು ಮೂರಾಗಿ ವಿಂಗಡಿಸಿದ್ದಾನೆ. ಅದೇ ದೋಷ ಸಂದರ್ಭವಿಶೇಷದಲ್ಲಿ ಗುಣವಾಗಬಲ್ಲದೆಂದೂ ಅವನು ಹೇಳುತ್ತಾನೆ. ದೋಷವು ಪದದಲ್ಲಷ್ಟೇ ಇಲ್ಲ, ಯಾರು ಯಾರಿಗೆ ಎಲ್ಲಿ ಆಡಿದರೆಂಬುದರಲ್ಲಿಯೂ ಇದೆ. ಆಲಂಕಾರಿಕನು ಇದನ್ನು ಸಹೃದಯನ ತೀರ್ಮಾನಕ್ಕೆ ಬಿಟ್ಟನು. ಆಧುನಿಕ ಪ್ರಭುತ್ವವು ಪರವಾನಗಿಯ ಮೂಲಕ ಅದನ್ನು ತಾನೇ ವಹಿಸಿಕೊಂಡಿತು.

ಭಾರತದ ಸಂವಿಧಾನದ 19ನೆಯ ವಿಧಿ ಸಭ್ಯತೆ ಅಥವಾ ನೈತಿಕತೆಯ ಕಾರಣಕ್ಕಾಗಿ ಸಮಂಜಸ ನಿರ್ಬಂಧಗಳಿಗೆ ಅವಕಾಶವಿತ್ತಿದೆ. 1995ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸಾರಿತು. 2001ರಲ್ಲಿ ಬೆಂಗಳೂರಿನಿಂದ ಆರಂಭವಾದ ಖಾಸಗಿ ಎಫ್‌ಎಂ ಪ್ರಸಾರವೂ ಆಕಾಶವಾಣಿಯ ಕಾರ್ಯಕ್ರಮ ಸಂಹಿತೆಗೆ ಬದ್ಧವಾಗಿಯೇ ಪರವಾನಗಿ ಪಡೆಯಿತು. ಹೀಗಾಗಿ ಸ್ಟರ್ನ್ ಪ್ರಕರಣ ಕೇವಲ ಹೊರದೇಶದ ಕುತೂಹಲವಲ್ಲ. ಪರವಾನಗಿ ಪಡೆದ ಮಾಲೀಕನು ಅಂಜಿದಾಗ ನ್ಯಾಯಾಲಯದ ಮೆಟ್ಟಿಲೇರದೆಯೇ ಮಾತು ನಿಂತುಹೋಗುತ್ತದೆ. ಬಾನುಲಿಯನ್ನು ಅಧ್ಯಯನ ಮಾಡುವವರು ಪ್ರಸಾರವಾದ ಮಾತಿನ ಜೊತೆಗೆ ಹೀಗೆ ದಾಖಲೆಯಿಲ್ಲದೆ ನಿಂತುಹೋದ ಮಾತನ್ನೂ ಗಣನೆಗೆ ತೆಗೆದುಕೊಳ್ಳುವುದು ಅಗತ್ಯ.