ಆಮೆಗೊಂದು ಮದ್ದು, ಹದ್ದಿಗೊಂದು ಮದ್ದು

ಬೆಂಗಳೂರಿನ ಜಯನಗರದ ಅಂಚಿನಲ್ಲಿ, ಹೊಸೂರು ರಸ್ತೆಯ ಕಡೆ ಎರಡು ದೊಡ್ಡ ಆಸ್ಪತ್ರೆಗಳಿವೆ. ಕಿದ್ವಾಯಿಯಲ್ಲಿ ಕ್ಯಾನ್ಸರ್ ನೋವು ತಾಳಲಾರದವರಿಗೆ ಮಾರ್ಫಿನ್ ಕೊಡುತ್ತಾರೆ. ನಿಮ್ಹಾನ್ಸ್‌ನಲ್ಲಿ ಅದೇ ಬಳಗದ ಮಾದಕಗಳ ಚಟಕ್ಕೆ ಬಿದ್ದವರಿಗೆ ಬ್ಯುಪ್ರೆನಾರ್ಫಿನ್ ಕೊಟ್ಟು ಚಟ ಬಿಡಿಸುತ್ತಾರೆ. ಎರಡು ಔಷಧಗಳೂ ಹೋಗಿ ಕೂರುವುದು ನರಕೋಶದ ಹೊರಪೊರೆಯಲ್ಲಿರುವ ಓಪಿಯಾಯ್ಡ್ ಗ್ರಾಹಿ ಎಂಬ ಪ್ರೋಟೀನಿನ ಮೇಲೆ. ಅದು ಮಿದುಳಿನಲ್ಲಿದೆಯೆಂದು ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ತೋರಿಸಿದ್ದು 1973ರಲ್ಲಿ. ಕಿದ್ವಾಯಿ ಸಂಸ್ಥೆ ಶುರುವಾದದ್ದೂ ಅದೇ ವರ್ಷ.

ಮಾರ್ಫಿನ್‌ನ ಮೂಲವಾದ ಗಸಗಸೆ ಗಿಡದ ಹಾಲು ಎಂದೋ ಒಂದು ದಿನ ಬಂದೀತೆಂದು ದೇಹ ಇಂಥ ಗ್ರಾಹಿಯೊಂದನ್ನು ಸಿದ್ಧಮಾಡಿ ಇಟ್ಟುಕೊಂಡಿರಲಾರದಷ್ಟೆ. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕಾಸ್ಟರ್ಲಿಟ್ಜ್ ಹಂದಿಯ ಮಿದುಳಿನಿಂದ ಎನ್‌ಕೆಫಾಲಿನ್ ಬೇರ್ಪಡಿಸಿದಾಗ, ಗ್ರಾಹಿಯ ಅಸಲಿ ಜೊತೆಗಾರ ದೇಹದೊಳಗೇ ತಯಾರಾಗುತ್ತದೆ ಎಂಬುದು ಖಚಿತವಾಯಿತು. ಈ ನಡುವೆ ಪರ್ಟ್ ತಂಡ ಬೇರೆ ಬೇರೆ ಪ್ರಾಣಿಗಳ ಮಿದುಳನ್ನೂ ಪರೀಕ್ಷಿಸಿತ್ತು. ಶಾರ್ಕ್‌ನಲ್ಲಿ ಗ್ರಾಹಿ ಇತ್ತು. ದವಡೆಯೇ ಇಲ್ಲದ, ಹಾವಿನಂತೆ ನುಣುಚುವ ಹ್ಯಾಗ್‌ಫಿಶ್‌ನಲ್ಲೂ ಇತ್ತು! ಅವರು ನೋಡಿದ ಬೆನ್ನುಮೂಳೆಯಿಲ್ಲದ ಜೀವಿಗಳಲ್ಲಿ ಮಾತ್ರ ಸಿಗಲಿಲ್ಲ.

ಅಂದರೆ ಇದು ಸುಮಾರು ಐವತ್ತು ಕೋಟಿ ವರ್ಷ ಹಳೆಯ ಆಸ್ತಿ. ಕಶೇರುಕಗಳ ಆದಿಯಲ್ಲಿ ಇಡೀ ಜೀನೋಮ್ ಎರಡು ಸಲ ಇಮ್ಮಡಿಸಿದಾಗ ಒಂದು ಮೂಲ ಜೀನ್ ನಾಲ್ಕಾಯಿತು ಎನ್ನುತ್ತಾರೆ ತಜ್ಞರು. ಮ್ಯೂ, ಡೆಲ್ಟಾ, ಕಪ್ಪಾ, ನೋಸಿಸೆಪ್ಟಿನ್ ಎಂದು ಅವುಗಳಿಂದಾದ ಗ್ರಾಹಿಗಳ ಹೆಸರು. ಮಾರ್ಫಿನ್ ಮುಖ್ಯವಾಗಿ ಹಿಡಿಯುವುದು ಮ್ಯೂವನ್ನು. ಮೂಳೆಮೀನುಗಳ ಕವಲಿನಲ್ಲಿ ಜೀನೋಮ್ ಮತ್ತೊಮ್ಮೆ ಇಮ್ಮಡಿಸಿತು. ಹಾಗಾಗಿ ಜೀಬ್ರಾ ಮೀನಿಗೆ ಡೆಲ್ಟಾ ಎರಡಿದ್ದು, ಒಟ್ಟು ಐದು ಗ್ರಾಹಿಗಳು. ಜಯನಗರದ ಅಕ್ವೇರಿಯಂ ಅಂಗಡಿಗಳಲ್ಲಿ ಕಾಣುವ ಈ ನೀಲಿಪಟ್ಟೆಯ ಮೀನು ವಿದೇಶಿ ಅಲ್ಲ. ಕರ್ನಾಟಕದ ತೊರೆಗಳಲ್ಲೂ ಇದೆ. ಪ್ರಯೋಗಾಲಯಗಳ ಅಚ್ಚುಮೆಚ್ಚಾದ ಮೇಲೆ ಅದರ ಊರು ಯಾವುದೆಂದು ಕೇಳುವವರು ಕಡಿಮೆಯಾದರು.

2017ರಲ್ಲಿ ಯೂಟಾ ವಿಶ್ವವಿದ್ಯಾಲಯದವರು ಜೀಬ್ರಾ ಮೀನಿನ ತೊಟ್ಟಿಯಲ್ಲೊಂದು ಹಲಗೆ ಇಟ್ಟರು. ಮೀನು ಅದರ ಮೇಲೆ ಈಜಿದಾಗಲೆಲ್ಲ ಹೈಡ್ರೋಕೋಡೋನ್ ಎಂಬ ಓಪಿಯಾಯ್ಡ್ ನೀರಿಗೆ ಬೀಳುತ್ತಿತ್ತು. ಮೀನುಗಳು ಮತ್ತೆ ಮತ್ತೆ ಬಂದವು. ಸಾಮಾನ್ಯವಾಗಿ ತಾವು ದೂರವಿಡುವ ಆಳವಿಲ್ಲದ ನೀರಿಗೂ ಮದ್ದಿಗಾಗಿ ಏರಿಬಂದವು. ಮ್ಯೂ ಗ್ರಾಹಿಯನ್ನು ತಡೆದಾಗ ಹಂಬಲ ತಗ್ಗಿತು. ಅದಕ್ಕೂ ಮುಂಚೆ, 2003ರಲ್ಲಿ, ಬ್ರಿಟನ್ನಿನ ಲಿನ್ ಸ್ನೆಡನ್ ಟ್ರೌಟ್ ಮೀನಿನ ತುಟಿಗೆ ಅಸಿಟಿಕ್ ಆಮ್ಲ ಚುಚ್ಚಿದ್ದರು. ಮೀನು ತೂಗಾಡಿತು, ತುಟಿಯನ್ನು ತಳದ ಜಲ್ಲಿಗೆ ಉಜ್ಜಿತು. ಮಾರ್ಫಿನ್ ಕೊಟ್ಟಾಗ ಈ ಚೇಷ್ಟೆ ಇಳಿಯಿತು. ಆದರೂ ಮೀನಿಗೆ ಮಿದುಳಿನ ಹೊರಪದರ ನಮ್ಮಂತಿಲ್ಲ, ಆದ್ದರಿಂದ ನೋವಿನ ಅನುಭವವಿಲ್ಲ ಎನ್ನುತ್ತಾರೆ ಆಸ್ಟ್ರೇಲಿಯಾದ ಬ್ರಯನ್ ಕೀ. ಗ್ರಾಹಿ ಇದ್ದ ಮಾತ್ರಕ್ಕೆ ಸಂಕಟದ ಅರಿವು ಇದೆಯೆಂದಾಗದು, ನಿಜ; ನಮ್ಮ ಕರುಳಿನಲ್ಲೂ ಇದೇ ಗ್ರಾಹಿಗಳಿವೆ, ಮಾರ್ಫಿನ್ ನುಂಗಿದವರಿಗೆ ಮಲಬದ್ಧತೆ ಬರುವುದು ಅದರಿಂದಲೇ. ಆದರೆ ತುಟಿ ಉಜ್ಜುವ ಮೀನನ್ನು ಬರೀ ಯಂತ್ರವೆನ್ನಲು ನನಗಂತೂ ಮನಸ್ಸು ಒಪ್ಪುವುದಿಲ್ಲ.

ಪಶುವೈದ್ಯರ ತೊಡಕು ಬೇರೆ. ಗ್ರಾಹಿ ಎಲ್ಲರಲ್ಲೂ ಇದೆ, ಮದ್ದು ಮಾತ್ರ ಎಲ್ಲರಿಗೂ ಒಂದಲ್ಲ. ಕೆಂಪು ಕಿವಿಯ ಆಮೆಯನ್ನೇ ನೋಡಿ: ನಾಣ್ಯದಷ್ಟಿದ್ದಾಗ ಕೊಂಡುತಂದು, ತಟ್ಟೆಯಷ್ಟಾದಾಗ ಕೆರೆಗೆ ಬಿಟ್ಟುಬರುವ ಪರದೇಶಿ ಆಮೆ. ಸರೀಸೃಪಗಳಿಗೆ ವೈದ್ಯರು ಬಹುಕಾಲ ನೆಚ್ಚಿಕೊಂಡಿದ್ದು ಕಪ್ಪಾ ಗ್ರಾಹಿಯ ಮೇಲೆ ಕೆಲಸ ಮಾಡುವ ಬ್ಯುಟಾರ್ಫನಾಲ್ ಚುಚ್ಚುಮದ್ದನ್ನು. 2007ರಲ್ಲಿ ಪಶುವೈದ್ಯ ಕರ್ಟ್ ಸ್ಲಾಡ್ಕಿ ಅವರ ತಂಡ ಈ ಆಮೆಗಳ ಹಿಂಗಾಲಿಗೆ ಬಿಸಿ ತಾಗಿಸಿ ಅಳೆದಾಗ, ಪ್ರತಿ ಕಿಲೋ ತೂಕಕ್ಕೆ 28 ಮಿಲಿಗ್ರಾಂ ಕೊಟ್ಟರೂ ಬ್ಯುಟಾರ್ಫನಾಲ್‌ನಿಂದ ಏನೂ ಆಗಲಿಲ್ಲ. ಮಾರ್ಫಿನ್ 1.5 ಮಿಲಿಗ್ರಾಂನಲ್ಲೇ ನೋವು ತಗ್ಗಿಸಿತು, ಆದರೆ ಉಸಿರನ್ನೂ ಗಂಟೆಗಟ್ಟಲೆ ಕುಗ್ಗಿಸಿತು. ಉಸಿರಿಗೆ ಅಷ್ಟು ತೊಂದರೆ ಕೊಡದ ಟ್ರಾಮಡಾಲ್ ಆಮೇಲೆ ಬಂತು. ಅದೇ ತಂಡ ಕಾರ್ನ್ ಹಾವಿನಲ್ಲಿ ನೋಡಿದಾಗ ಲೆಕ್ಕ ತಲೆಕೆಳಗು: ಅಲ್ಲಿ ಮಾರ್ಫಿನ್ ಸೋತಿತು, ಬ್ಯುಟಾರ್ಫನಾಲ್ ಭಾರಿ ಪ್ರಮಾಣದಲ್ಲಿ ಕೆಲಸ ಮಾಡಿತು.

ಹಕ್ಕಿಗಳದ್ದು ಇನ್ನೂ ಗೋಜಲು. ಪಾರಿವಾಳದ ಮುಮ್ಮಿದುಳಿನ ಓಪಿಯಾಯ್ಡ್ ಗ್ರಾಹಿಗಳಲ್ಲಿ ಮುಕ್ಕಾಲು ಪಾಲು ಕಪ್ಪಾ ಎಂದು 1988ರಲ್ಲಿ ಗೊತ್ತಾಯಿತು. ಹಾಗಾದರೆ ಹಕ್ಕಿಗಳಿಗೆ ಬ್ಯುಟಾರ್ಫನಾಲೇ ಸರಿಯೆಂದು ಎಲ್ಲರೂ ಅಂದುಕೊಂಡರು. ಆಫ್ರಿಕದ ಬೂದು ಗಿಳಿಯಲ್ಲಿ ಫಲವೂ ಕಂಡಿತು. ಆದರೆ ಅಮೆರಿಕನ್ ಕೆಸ್ಟ್ರೆಲ್ ಎಂಬ ಪುಟ್ಟ ಚಾಣಕ್ಕೆ ಅದು ನಾಟಲಿಲ್ಲ. ಮ್ಯೂ ಗ್ರಾಹಿ ಹಿಡಿಯುವ ಹೈಡ್ರೋಮಾರ್ಫೋನ್ ನಾಟಿತು. ಆಷಾಢದ ಗಾಳಿಗೆ ಬನಶಂಕರಿ, ಜೆ.ಪಿ. ನಗರದ ಮಹಡಿಗಳಿಂದ ಗಾಳಿಪಟ ಏರುವಾಗ, ಗಾಜುಪುಡಿಯ ಮಾಂಜಾಕ್ಕೆ ರೆಕ್ಕೆ ಕೊಯ್ದುಕೊಳ್ಳುವ ಹದ್ದುಗಳಿಗೆ ಚಾಣದ ಲೆಕ್ಕವನ್ನೇ ಹಿಡಿಯೋಣವೆಂದರೆ ಅದಕ್ಕೂ ಅಡ್ಡಿ. ಎರಡೂ ಬೇಟೆಹಕ್ಕಿಗಳೆಂಬುದು ಕೊಕ್ಕು, ಉಗುರಿನ ಹೋಲಿಕೆಯಷ್ಟೆ. ಡಿಎನ್‌ಎ ಹೇಳುವ ಪ್ರಕಾರ ಚಾಣಕ್ಕೆ ಹತ್ತಿರದ ನೆಂಟ ಗಿಳಿಯೇ ಹೊರತು ಹದ್ದಲ್ಲ. ಆ ನೆಂಟರಿಬ್ಬರಿಗೇ ಒಂದು ಮದ್ದು ಹೊಂದಲಿಲ್ಲ. ಆದ್ದರಿಂದ ಹಕ್ಕಿಗಳ ವೈದ್ಯರು, ಓಪಿಯಾಯ್ಡ್ ಗ್ರಾಹಿಗಳ ಗೊಡವೆಗೇ ಹೋಗದ ಮೆಲಾಕ್ಸಿಕ್ಯಾಮ್‌ನಂಥ ಔಷಧವನ್ನೂ ಕೈಗೆಟುಕುವಲ್ಲೇ ಇಟ್ಟುಕೊಂಡಿರುತ್ತಾರೆ.