ದುರ್ಗದ ಸೀಮೆಯ ಗುಡ್ಡಗಳೂ ನೀರಿನ ನೆನಪುಗಳೂ

ಚಿತ್ರದುರ್ಗದ ಸೀಮೆಯನ್ನು ಕಲ್ಲಿನ ನಾಡೆಂದು ಕರೆಯುವುದು ರೂಢಿ. ಹೊರಗಿನಿಂದ ಬಂದವರ ಕಣ್ಣಿಗೆ ಮೊದಲು ಬೀಳುವುದು ಹೆಬ್ಬಂಡೆಗಳು, ಕುರುಚಲು ಕಾಡು, ಅವುಗಳ ನಡುವೆ ಏರುತ್ತಿಳಿಯುತ್ತ ಸಾಗುವ ಕಾಲುದಾರಿಗಳು. ಆದರೆ ಈ ನೆಲದಲ್ಲಿ ಊರು ಎಲ್ಲಿ ನೆಲೆಸಬೇಕು, ಕೋಟೆ ಎಷ್ಟು ಕಾಲ ತಡೆದು ನಿಲ್ಲಬಲ್ಲದು ಎಂಬುದನ್ನು ತೀರ್ಮಾನಿಸುತ್ತ ಬಂದುದು ನೀರು. ವರ್ಷದ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು; ಪಡುವಣದ ಹೊಳಲ್ಕೆರೆಯ ಕಡೆ ಕೊಂಚ ಹೆಚ್ಚು, ಮೂಡಣದ ಹಿರಿಯೂರಿನ ಕಡೆ ಇನ್ನೂ ಕಡಿಮೆ. ಇಷ್ಟು ಮಳೆಯಲ್ಲಿ ಬಾಳಿದ ಹಿರಿಯರ ಜಾಣ್ಮೆಯನ್ನು ಅರಿಯಬೇಕಾದರೆ ಗುಡ್ಡಗಳನ್ನೇ ಹತ್ತಿ ನೋಡಬೇಕು.

ಮೊದಲ ಸಾಕ್ಷ್ಯ ದೊರೆಯುವುದು ಚಿತ್ರದುರ್ಗ ನಗರದ ಮಗ್ಗುಲಲ್ಲೇ ಇರುವ ಚಂದ್ರವಳ್ಳಿಯಲ್ಲಿ. ಗುಡ್ಡಗಳು ಸುತ್ತುವರಿದ ಈ ಕಣಿವೆಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದರು. ಅದಕ್ಕೂ ಮೊದಲೇ ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ ಮತ್ತು ಎಂ. ಎಚ್. ಕೃಷ್ಣ ಅವರು ಇಲ್ಲಿ ಶೋಧನೆ ಕೈಗೊಂಡಿದ್ದರು. ಶಾತವಾಹನರ ನಾಣ್ಯಗಳೊಡನೆ ರೋಮ್ ಸಾಮ್ರಾಜ್ಯದ ನಾಣ್ಯಗಳೂ ಇಲ್ಲಿ ದೊರೆತಿವೆ. ಇಲ್ಲಿನ ಬಂಡೆಯ ಮೇಲೆ ಪ್ರಾಕೃತ ಭಾಷೆಯಲ್ಲಿ ಕೊರೆದಿರುವ ಕದಂಬ ಮಯೂರಶರ್ಮನ ಶಾಸನವು ನಾಲ್ಕನೆಯ ಶತಮಾನದ್ದು. ಆ ದೊರೆ ಗೆದ್ದ ರಾಜ್ಯಗಳ ಹೆಸರುಗಳು ಅದರಲ್ಲಿವೆ. ಜೊತೆಗೆ ಆತನು ಕೆರೆಯೊಂದನ್ನು ಕಟ್ಟಿಸಿದನೆಂಬ ಸಂಗತಿಯೂ ಇದೆ. ಯುದ್ಧದ ಗೆಲುವಿನಷ್ಟೇ ಕೆರೆಯ ನಿರ್ಮಾಣವೂ ಅಂದು ಕೀರ್ತಿಯ ಮಾತಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಾಯಕರ ಕಾಲಕ್ಕೆ ಈ ವಿದ್ಯೆ ಕೋಟೆಯೊಳಗೆ ಪಕ್ವಗೊಂಡಿತು. ಬಂಡೆಯು ನೀರನ್ನು ಹೀರುವುದಿಲ್ಲ. ಬಿದ್ದ ಮಳೆಯ ಬಹುಭಾಗ ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಈ ಕೊರತೆಯನ್ನೇ ಅವರು ಅನುಕೂಲವಾಗಿ ಮಾಡಿಕೊಂಡರು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುತ್ತಿತ್ತು. ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ, ಕಡೆಗೆ ಪೇಟೆಯ ಸಂತೆ ಹೊಂಡಕ್ಕೆ. ಒಂದು ಹೊಂಡದ ಕೋಡಿ ಮತ್ತೊಂದರ ಒರತೆಯಾಗುವ ಈ ಏರ್ಪಾಡಿನಿಂದ ಕೋಟೆಯವರಿಗೂ ಪೇಟೆಯವರಿಗೂ ಒಂದೇ ಮಳೆ ಒದಗುತ್ತಿತ್ತು. ಮುತ್ತಿಗೆಗಳನ್ನು ದುರ್ಗವು ಬಹುಕಾಲ ತಾಳಿಕೊಂಡುದಕ್ಕೆ ಸುತ್ತುಗೋಡೆಗಳಷ್ಟೇ ಈ ಹೊಂಡಗಳೂ ಕಾರಣ.

ನಾಡಿನ ಮಕ್ಕಳೆಲ್ಲ ಬಲ್ಲ ಒನಕೆ ಓಬವ್ವನ ಕಥೆಯ ನಡುವೆಯೂ ನೀರೇ ಇದೆ. ಊಟಕ್ಕೆ ಕುಳಿತ ಪತಿಗೆ, ಕಹಳೆಯ ಕಾವಲುಗಾರನಿಗೆ, ಕುಡಿಯುವ ನೀರು ತರಲೆಂದು ಆಕೆ ಹೊರಟಾಗಲೇ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವ ಸದ್ದು ಕೇಳಿತೆಂದು ಜನ ಹೇಳುತ್ತಾರೆ. ಕಿಂಡಿಯ ಸಮೀಪದ ತಣ್ಣೀರು ದೋಣಿಯನ್ನು ಇಂದಿಗೂ ಕಾಣಬಹುದು. 1779ರಲ್ಲಿ ದುರ್ಗ ಹೈದರನ ವಶವಾಯಿತು, ಅರಸೊತ್ತಿಗೆ ಅಳಿಯಿತು. ಆದರೆ ಬಿಂದಿಗೆ ಹಿಡಿದು ಹೊರಟ ಸಾಮಾನ್ಯ ಗೃಹಿಣಿಯ ನೆನಪು ಮಾತ್ರ ಅಳಿಯಲಿಲ್ಲ.

ಹೊಸದುರ್ಗದ ಸೀಮೆಯಲ್ಲಿ ಈ ಭಾವನೆ ಭಕ್ತಿಯ ರೂಪ ತಾಳಿದೆ. ಹಾಲುರಾಮೇಶ್ವರ ಕ್ಷೇತ್ರದ ಕೊಳದಲ್ಲಿ, ಬೇಡಿದವರಿಗೆ ಗಂಗೆಯ ಪ್ರಸಾದ ನೀರಿನಿಂದ ಮೇಲೆದ್ದು ಬರುತ್ತದೆಂಬುದು ಭಕ್ತರ ನಂಬಿಕೆ. ಹೊಳಲ್ಕೆರೆಯು ಕೆರೆಯನ್ನು ತನ್ನ ಹೆಸರಿನಲ್ಲಿಯೇ ಹೊತ್ತಿದೆ. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟುವ ಕೆಲಸವನ್ನೇ ಕಾಯಕವಾಗಿ ಕೈಗೊಂಡ ಸಂಗತಿಯನ್ನು ಇಲ್ಲಿ ಸ್ಮರಿಸಬಹುದು.

ಈ ಪರಂಪರೆಯ ಬಹುದೊಡ್ಡ ನಿರ್ಮಾಣವೆಂದರೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆ. ಪಶ್ಚಿಮದ ಬಾಬಾಬುಡನ್ ಗಿರಿಗಳಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕೂಡಿ ವೇದಾವತಿಯಾಗಿ, ಹೊಸದುರ್ಗದ ಸೀಮೆಯನ್ನು ಹಾದು, ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಗೆ ಬರುತ್ತದೆ. ಕಣಿವೆಯ ಬಾಯಿ ಕಿರಿದು, ಅದರ ಹಿಂದಿನ ಬಯಲು ವಿಶಾಲ. ಆದ್ದರಿಂದ ಚಿಕ್ಕ ಗೋಡೆಯೊಂದು ಸುಮಾರು 30 ಟಿ.ಎಂ.ಸಿ. ನೀರನ್ನು ಹಿಡಿದಿಡಬಲ್ಲದಾಗಿದೆ. ಮೈಸೂರು ಸಂಸ್ಥಾನವು 1898ರಲ್ಲಿ ಆರಂಭಿಸಿದ ಕಾಮಗಾರಿ 1907ರಲ್ಲಿ ಮುಗಿಯಿತು. ರಾಜಮಾತೆಯ ಹೆಸರಿನಲ್ಲಿ ಅದು ವಾಣಿವಿಲಾಸ ಸಾಗರವಾಯಿತು. ಹಳ್ಳಿಗರ ನಾಲಗೆಯಲ್ಲಿ ಮಾತ್ರ ಕಣಿವೆಯ ಮಾರಮ್ಮನ ಹೆಸರೇ ಉಳಿದಿದೆ.

ಜಲಾಶಯ ದೊಡ್ಡದು, ಅದಕ್ಕೆ ನೀರೆರೆಯುವ ಪ್ರದೇಶದಲ್ಲಿ ಮಳೆ ಕಡಿಮೆ. ಮೇಲ್ಭಾಗದ ಕೆರೆಗಳೂ ತಮ್ಮ ಪಾಲನ್ನು ಮೊದಲೇ ತಡೆದುಕೊಳ್ಳುತ್ತವೆ. ಹೀಗಾಗಿ ಅದು ಪೂರ್ಣ ತುಂಬುವುದು ಅಪರೂಪ. 130 ಅಡಿಯ ಮಟ್ಟ ಮುಟ್ಟಿ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದುದು 2022ರಲ್ಲಿ. ನಡುವೆ 89 ವರ್ಷಗಳು ಸಂದಿದ್ದವು. ಸಮೃದ್ಧ ಮಳೆಯೊಡನೆ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಸೇರಿ ಬಂದುದೇ ಇದಕ್ಕೆ ಕಾರಣ. 2025ರ ಜನವರಿಯಲ್ಲಿ ಮೂರನೆಯ ಬಾರಿ ಕೋಡಿ ಬಿದ್ದಿತು. ಹಿರಿಯೂರಿನ ಕಡೆ ಬಾಗಿನದ ಸಂಭ್ರಮವಾದರೆ, ಹೊಸದುರ್ಗದ ಕಡೆಯ ಹಿನ್ನೀರಿನ ರೈತರಿಗೆ ತೋಟ ಮುಳುಗುವ ಆತಂಕ. ನೀರು ವರವಾಗುವಲ್ಲಿಯೇ ನ್ಯಾಯದ ಪ್ರಶ್ನೆಯೂ ಏಳುತ್ತದೆಂಬುದನ್ನು ಮರೆಯಲಾಗದು.

ಇಂದು ಚಿಂತಿಸಬೇಕಾದ ಸಂಗತಿ ಬೇರೊಂದಿದೆ. ದೊಡ್ಡ ಜಲಾಶಯದ ಸುದ್ದಿ ಎಲ್ಲರಿಗೂ ತಿಳಿಯುತ್ತದೆ. ಹಳ್ಳಿಯ ಸಣ್ಣ ಕೆರೆಯಲ್ಲಿ ಹೂಳು ತುಂಬಿದುದು, ಗುಡ್ಡದಿಂದ ನೀರು ತರುತ್ತಿದ್ದ ಕಾಲುವೆ ಮುಚ್ಚಿದುದು ಯಾರ ಗಮನಕ್ಕೂ ಬರುವುದಿಲ್ಲ. ಕೊಳವೆಬಾವಿ ಬಂದ ಮೇಲೆ ತೂಬು ನೋಡಿಕೊಳ್ಳುತ್ತಿದ್ದ ನೀರಗಂಟಿಯ ಕಾಯಕ ಹಿಂದೆ ಸರಿಯಿತು. ಯಾವ ಹಳ್ಳ ಯಾವ ಕೆರೆಗೆ ಸೇರಬೇಕೆಂಬ ತಿಳಿವಳಿಕೆ ಗ್ರಂಥಗಳಲ್ಲಿ ಇರಲಿಲ್ಲ. ಅದು ಕುರಿ ಮೇಯಿಸುತ್ತ ಗುಡ್ಡ ಸುತ್ತಿದವರ, ಹೊಲ ಉತ್ತವರ ನೆನಪಿನಲ್ಲಿತ್ತು. ಆ ಹಿರಿಯರು ಕಣ್ಮರೆಯಾದಂತೆಲ್ಲ ಆ ತಿಳಿವಳಿಕೆಯೂ ಕಣ್ಮರೆಯಾಗುತ್ತದೆ.

ಆದಕಾರಣ ಶಾಲೆಯ ಪಾಠ ನಾಲ್ಕು ಗೋಡೆಗಳಾಚೆಗೂ ಸಾಗಬೇಕಾಗಿದೆ. ಜೋಗಿಮಟ್ಟಿಯ ಏರನ್ನು ಹತ್ತಿದ ವಿದ್ಯಾರ್ಥಿಗೆ ಮಳೆಯ ನೀರು ಎತ್ತ ಕವಲೊಡೆಯುತ್ತದೆಂಬುದು ಕಣ್ಣಾರೆ ತಿಳಿಯುತ್ತದೆ. ಊರಿನ ಹಿರಿಯರನ್ನು ಕೇಳಿ ತಮ್ಮ ಕೆರೆಯ ಕಾಲುವೆಗಳ ನಕ್ಷೆಯನ್ನು ಮಕ್ಕಳು ಬರೆದಿಟ್ಟರೆ ಅದೇ ಒಂದು ಇತಿಹಾಸಗ್ರಂಥವಾದೀತು. ಅಧ್ಯಾಪಕರು ದಾರಿ ತೋರಿಸಿ, ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಒಂದೊಂದು ಕಾಲುವೆಯ ಹೊಣೆ ಹೊತ್ತು, ದಾನಿಗಳು ಹೂಳೆತ್ತುವ ಕೆಲಸಕ್ಕೆ ಕೈಜೋಡಿಸಿದಲ್ಲಿ ದುರ್ಗದ ಹೊಂಡಗಳು ಕಲಿಸಿದ ಪಾಠ ವ್ಯರ್ಥವಾಗದು. ಮೇಲಿನ ಹೊಂಡ ತಾನು ತುಂಬಿದ ಮೇಲೆ ಕೆಳಗಿನದಕ್ಕೆ ಹರಿಯಬಿಟ್ಟಿತು. ತಿಳಿವಳಿಕೆಯೂ ಹಾಗೆಯೇ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರಬೇಕು.