ಶೌಚಾಲಯದ ನೆಲ ಬದಲಿಸುವಾಗ...

ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮೇಲಿನ ನೆಲವೂ ಸೀಳುತ್ತದೆ. ಸಹೋದರಿಯರೇ, ಶೌಚಾಲಯದ ನೆಲ ಕಿತ್ತು ಹೊಸ ಟೈಲ್ಸ್ ಹಾಕಿಸುತ್ತಿದ್ದೀರಾ? ಗೌಂಡಿ ಪ್ಯಾನ್ ಕೂರಿಸುವಾಗ ನೀವೂ ನಿಂತು ನೋಡಿ.

ಅಡಿಯ ಎರೆಮಣ್ಣು ತೆಗೆಸಿ, ಗರಸು ತುಂಬಿಸಿ, ಗಟ್ಟಿಯಾಗಿ ಬಡಿಸಿ. ಕೂತವರ ಮುಖವಾಗಲಿ ಬೆನ್ನಾಗಲಿ ಕಿಬ್ಲಾದತ್ತ, ಅಂದರೆ ನಮ್ಮಲ್ಲಿ ಪಶ್ಚಿಮಕ್ಕೆ, ಬಾರದಂತೆ ಪ್ಯಾನನ್ನು ಉತ್ತರ-ದಕ್ಷಿಣವಾಗಿ ತಿರುಗಿಸಲು ಇದೇ ಸಮಯ. ಟ್ರ್ಯಾಪ್‌ನಲ್ಲಿ ಕನಿಷ್ಠ 20 ಮಿ.ಮೀ. ನೀರು ನಿಲ್ಲಬೇಕು, ವಾಸನೆಯನ್ನು, ನೊಣವನ್ನು ತಡೆಯುವುದು ಅದೇ. ನೆಲದ ಇಳಿಜಾರು ಪ್ಯಾನಿನ ಕಡೆಗಿರಲಿ. ನಿಂತ ಮಲಿನ ನೀರು ಸಿಡಿದರೆ ನಮಾಝಿಗೆ ಮುನ್ನ ಬಟ್ಟೆ ತೊಳೆಯುವ ಪಾಡು ನಮ್ಮದೇ.

ಸಿಮೆಂಟ್ ಮುಚ್ಚುವ ಮೊದಲು ಒಂದು ಬಕೆಟ್ ನೀರು ಸುರಿಸಿ, ಪೈಪಿನ ಜೋಡಣೆಯ ಸುತ್ತ ಕೈಯಾಡಿಸಿ. ಒದ್ದೆಯಾಗಿದ್ದರೆ ಆಗಲೇ ಸರಿಪಡಿಸಿ. ಟೈಲ್ಸ್ ಕೂತ ಮೇಲೆ ಸೋರಿಕೆ ಕಂಡರೆ ಹೊಸ ನೆಲವನ್ನೇ ಮತ್ತೆ ಒಡೆಸಬೇಕಾದೀತು!